ಮ್ಯಾಗ್ನೆಟ್ಟಿಗೆ ಅಂಟದ ಚೂರು

ಆ ಚಹಾಪುಡಿಯಲ್ಲಿ ಸಿಕ್ಕಿದ್ದು ಮಣ್ಣಲ್ಲ. ನಾನು ಕಟ್ಟಿದ ಹಲ್ಲಿನ ಚೂರು. ಇದು ನನಗೆ ಮೊದಲೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಾನು ಬಾಯಿ ಬಿಡದಿದ್ದರಿಂದ ಭೋಜಣ್ಣ ಎಂಬ ಟೀ ಮೇಕರ್ ಕೆಲಸ ಕಳೆದುಕೊಂಡರು. ಅವರ ಹಟ್ಟಿಯ, ಅಂದರೆ ಅವರ ಊರಿನ, ಎಲೆಗೆ 'ಮಣ್ಣೆಲೆ' ಅಂತ ಹೆಸರು ಬಿತ್ತು. ಆ ಹೆಸರು ವರ್ಷಗಟ್ಟಲೆ ಹೋಗಲಿಲ್ಲ.

ಈ ಮಾತನ್ನು ಯಾರಿಗೆ ಹೇಳಬೇಕಿತ್ತೋ ಅವರಿಗೆ ಈಗ ಹೇಳಿಯಾಗಿದೆ. ಮತ್ತೆ ನಿಮಗೇಕೆ ಹೇಳುತ್ತಿದ್ದೇನೆಂದರೆ — ಆ ಪುಡಿ ಹಟ್ಟಿಯೊಳಗೇ ಉಳಿಯಲಿಲ್ಲ. ಬಸ್ಸು ಹತ್ತಿ ಬೆಟ್ಟ ಇಳಿಯಿತು. ಯಾವ ಊರಿನ ಯಾವ ಲೋಟಕ್ಕೆ ಬಿತ್ತೋ ನನಗೆ ತಿಳಿಯದು. ನಿಮ್ಮದಕ್ಕೂ ಬಿದ್ದಿರಬಹುದು.

ನಾನು ಊಟಿಯಲ್ಲಿ ಬೆಳೆದವಳು. ತಾತನ ಕಾಲಕ್ಕೇ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿದ ಮನೆತನ ನಮ್ಮದು. ಅಪ್ಪನಿಗೆ ಊಟಿ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ. ಮೂಟೆಯ ಬಾಯಿಗೆ ಕೆಂಪಗಿನ ಕ್ಯಾರೆಟ್ ಜೋಡಿಸಿ ತಳದಲ್ಲಿ ಕೊಳೆತದ್ದು ತುಂಬಿ ತರುವವರನ್ನು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಮೂಟೆ ಬಂದ ಕೂಡಲೇ ತಲೆಕೆಳಗು ಮಾಡಿ ಸುರಿಸುತ್ತಿದ್ದರು. "ಬಾಯಿ ನೋಡಿ ಕೊಂಡ್ರೆ ಕೆಟ್ಟೆ ಕಣವ್ವ, ತಳ ನೋಡ್ಬೇಕು" ಅನ್ನುತ್ತಿದ್ದರು. ಅಂಥವರ ಮಗಳು ನಾನು. ನಾನು ಲೋಹಶಾಸ್ತ್ರ ಓದಲು ಹೊರಟಾಗ, ಮಂಡಿಯವನ ಮಗಳು ಕಬ್ಬಿಣದ ಸಂತೆಗೆ ಹೊರಟಳು ಅಂತ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ಈ ಕಥೆ ಕೇಳಲು ಅವರು ಉಳಿದಿಲ್ಲ. ಇದ್ದಿದ್ದರೆ — ಹೋಗಲಿ, ಆ ಮಾತು ಬೇಡ.

ಹಲ್ಲು ಅಂದೆನಲ್ಲ, ಅದೇನೆಂದು ಹೇಳಿಬಿಡುತ್ತೇನೆ. ಟೀ ಫ್ಯಾಕ್ಟರಿಯಲ್ಲಿ ಬಾಡಿಸಿದ ಎಲೆ ಎರಡು ಉಕ್ಕಿನ ರೋಲರುಗಳ ನಡುವೆ ಬೀಳುತ್ತದೆ. ರೋಲರಿನ ಮೈತುಂಬ ಸಣ್ಣ ಸಣ್ಣ ಹಲ್ಲು. ಒಂದು ಜೋರಾಗಿ ತಿರುಗಿದರೆ ಇನ್ನೊಂದು ನಿಧಾನ. ನಡುವೆ ಸಿಕ್ಕ ಎಲೆ ತುಂಡಾಗಿ, ಹರಿದು, ಸುರುಟಿಕೊಂಡು ಹೊರಬೀಳುತ್ತದೆ. ಹೋಟೆಲಿನಲ್ಲಿ, ಮನೆಯಲ್ಲಿ ನಾವು ಕುಡಿಯುವ ಗುಂಡು ಗುಂಡು ಪುಡಿ ಹುಟ್ಟುವುದು ಹೀಗೆ. ಆದರೆ ಎಲೆ ಮೆತ್ತಗೆ ಕಂಡರೂ ಉಕ್ಕನ್ನೇ ಸವೆಸುತ್ತದೆ. ಹಲ್ಲು ಮೊಂಡಾದರೆ ಎಲೆ ಕಡಿಯದೆ ಜಜ್ಜುತ್ತದೆ, ಚಹಾ ಸಪ್ಪೆಯಾಗುತ್ತದೆ. ಅದಕ್ಕೆ ರೋಲರನ್ನು ಮತ್ತೆ ಮತ್ತೆ ಬಿಚ್ಚಿ, ಲೇತಿಗೆ ಹಾಕಿ ಹಲ್ಲು ಮಸೆಯುತ್ತಾರೆ. ಮಸೆದ ಹಲ್ಲಿನಿಂದ ಕಬ್ಬಿಣದ ಪುಡಿ ಉದುರುತ್ತದೆ. ಅದನ್ನು ಹಿಡಿಯಲು ಪುಡಿ ಒಣಗಿಸುವ ಡ್ರೈಯರಿನ ಬಾಯಿಯಲ್ಲಿ, ಜರಡಿಗಳ ಮೇಲೆ ಮ್ಯಾಗ್ನೆಟ್ ಪಟ್ಟಿ ಇಟ್ಟಿರುತ್ತಾರೆ. ಪಾಳಿ ಮುಗಿದಾಗ ಆ ಪಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಎಷ್ಟು ಕಪ್ಪಾಯಿತೆಂದು ನೋಡುವುದು ನಮ್ಮ ಬೆಟ್ಟದ ಫ್ಯಾಕ್ಟರಿಗಳ ಪದ್ಧತಿ. ಬಟ್ಟೆ ಬೆಳ್ಳಗಿದ್ದರೆ ಪುಡಿ ಶುದ್ಧ. ಅದರ ಮೇಲೆ ಮಾತಿಲ್ಲ.

ನಾನು ಕೂನೂರಿನ ಹಳೆಯ ಗೋದಾಮೊಂದರಲ್ಲಿ ಲೇಸರ್ ಯಂತ್ರ ಕೂರಿಸಿದ್ದು ಈ ಹಲ್ಲುಗಳಿಗಾಗಿಯೇ. ಸವೆದ ರೋಲರನ್ನು ಮಸೆಯುತ್ತಾ ಹೋದರೆ ಅದು ತೆಳ್ಳಗಾಗಿ ಒಂದು ದಿನ ಗುಜರಿ ಸೇರುತ್ತದೆ. ಮಸೆಯುವ ಬದಲು ಹೊಸ ಹಲ್ಲನ್ನೇ ಬೆಳೆಸಿದರೆ? ಲೇಸರ್ ಕಿರಣ ರೋಲರಿನ ಮೇಲೆ ಸಾಸಿವೆಯಷ್ಟು ಜಾಗವನ್ನು ಕರಗಿಸುತ್ತದೆ. ಆ ಕರಗಿದ ಚುಕ್ಕೆಗೆ ಸಣ್ಣ ನಳಿಕೆಯಿಂದ ಲೋಹದ ಪುಡಿ ಊದುತ್ತೇವೆ. ಪುಡಿ ಕರಗಿ ಕೂರುತ್ತದೆ, ಕಿರಣ ಮುಂದೆ ಸರಿಯುತ್ತದೆ. ಒಂದರ ಮೇಲೊಂದು ಪದರ ಕೂತು ಹಲ್ಲು ಮೇಲೇಳುತ್ತದೆ. ನಾನು ಊದುತ್ತಿದ್ದದ್ದು ಬರೀ ಲೋಹವಲ್ಲ. ನಿಕ್ಕಲ್ ಬೆರಕೆಯ ಪುಡಿಯ ಜೊತೆ ಟಂಗ್‌ಸ್ಟನ್ ಕಾರ್ಬೈಡಿನ ಕಾಳು — ಅದು ಸೆರಾಮಿಕ್, ಪಿಂಗಾಣಿಯ ಜಾತಿಗೆ ಸೇರಿದ್ದು, ಆದರೆ ಉಕ್ಕನ್ನು ಗೀರುವಷ್ಟು ಗಟ್ಟಿ. ಕಡಲೆಕಾಯಿ ಚಿಕ್ಕಿ ತಿಂದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಲೋಹವೇ ಬೆಲ್ಲದ ಪಾಕ, ಸೆರಾಮಿಕ್ಕೇ ಬೀಜ. ಪಾಕ ಹಿಡಿದುಕೊಳ್ಳುತ್ತದೆ, ಬೀಜ ಹಲ್ಲಿಗೆ ಗಟ್ಟಿ ಕೊಡುತ್ತದೆ.

ಫ್ಯಾಕ್ಟರಿಗಳಲ್ಲಿ ನನ್ನನ್ನು ಪಲ್ಲು ಡಾಕ್ಟರ್ ಅಂತ ಕರೆಯತೊಡಗಿದರು. ತಮಿಳಿನಲ್ಲಿ ಹಲ್ಲಿಗೆ ಪಲ್ಲು ಅನ್ನುತ್ತಾರಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆಯನ್ನು ನಾನು ಸುಳ್ಳು ಮಾಡಿಬಿಟ್ಟೆ ಅಂತ ಬೀಗಿದ್ದೂ ಇದೆ. ಮೊದಮೊದಲು ಕಟ್ಟಿದ ಹಲ್ಲುಗಳು ಚೆನ್ನಾಗಿಯೇ ಇದ್ದವು — ಅದೂ ನಿಜ.

ಕೋತಗಿರಿ ರಸ್ತೆಯ ಒಂದು ಫ್ಯಾಕ್ಟರಿಯ ಮಾಲೀಕರು ಪೂರಾ ಒಂದು ಸಾಲಿನ ರೋಲರುಗಳನ್ನು ನನಗೆ ಒಪ್ಪಿಸಿದರು. ಅವರನ್ನು ಎಲ್ಲರೂ ಮುದಲಾಳಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಸುತ್ತಲಿನ ಫ್ಯಾಕ್ಟರಿಯವರನ್ನೆಲ್ಲ ಕರೆದು ತೋರಿಸೋಣ ಅಂತ ಅವರೇ ದಿನ ಗೊತ್ತು ಮಾಡಿದರು. ಮಳೆ ಬಿದ್ದು ಎಲೆ ನುಗ್ಗಿ ಬರುವ ಕಾಲ ಹತ್ತಿರವಾಗಿತ್ತು.

ಇಲ್ಲಿ ನಾನು ಮಾಡಿದ್ದನ್ನು ಬಿಡಿಸಿ ಹೇಳಬೇಕು. ಚಿಕ್ಕಿಯ ಪಾಕವನ್ನು ತಣ್ಣನೆಯ ಕಲ್ಲಿನ ಮೇಲೆ ಸುರಿದರೆ ಬಿರುಕು ಬಿಡುತ್ತದೆ. ಹಾಗೇ ರೋಲರನ್ನು ಮೊದಲು ಚೆನ್ನಾಗಿ ಕಾಯಿಸಿಕೊಂಡು, ಹಲ್ಲು ಕಟ್ಟಿದ ಮೇಲೆ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಕೊನೆಯ ರೋಲರುಗಳಿಗೆ ನಾನು ಅಷ್ಟು ಹೊತ್ತು ಕೊಡಲಿಲ್ಲ. ಅರೆಬರೆ ಕಾಯಿಸಿದೆ, ಆರಲು ಬಿಡದೆ ಎತ್ತಿದೆ. ಬಿರುಕು ನೋಡಲು ಕೆಂಪು ಬಣ್ಣ ಸವರಿ ಒರೆಸಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಗೆರೆಗಳು ಮೂಡಿದವು. ಇಷ್ಟು ಗಟ್ಟಿ ಪದರದಲ್ಲಿ ಇಷ್ಟು ಬಿರುಕು ಇದ್ದೇ ಇರುತ್ತದೆ ಅಂದುಕೊಂಡೆ. ಹಾಗೆ ಹೇಳುವವರೂ ಇದ್ದಾರೆ. ಆದರೆ ಅವರು ಹೇಳುವುದು ಮಣ್ಣು ಅಗೆಯುವ ಯಂತ್ರಗಳ ವಿಷಯ. ಬಾಯಿಗೆ ಹೋಗುವ ವಸ್ತುವಿನ ವಿಷಯವಲ್ಲ.

ಗೆರೆ ಇದ್ದ ಒಂದು ಹಲ್ಲಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಎರಡು ಮೂರು ಚೂರು ಮೇಜಿನ ಮೇಲೆ ಉದುರಿದವು. ಬಾಚಿ ತೆಗೆಯೋಣವೆಂದು ಮ್ಯಾಗ್ನೆಟ್ ಹಿಡಿದೆ. ಚೂರು ಅಲುಗಾಡಲಿಲ್ಲ. ಇನ್ನೂ ಹತ್ತಿರ ಹಿಡಿದೆ — ಊಹೂಂ. ನಿಕ್ಕಲ್ ಬೆರಕೆಯನ್ನು ಫ್ಯಾಕ್ಟರಿಯ ಮ್ಯಾಗ್ನೆಟ್ ಎಳೆಯುವುದಿಲ್ಲ, ಸೆರಾಮಿಕ್ ಕಾಳನ್ನಂತೂ ಕೇಳಲೇಬೇಡಿ. ಓದಿದ್ದ ಪಾಠವೇ. ಆದರೂ ಆ ಕ್ಷಣದವರೆಗೆ ನನ್ನ ತಲೆಗೆ ಬಂದಿರಲಿಲ್ಲ. ನನ್ನ ಹಲ್ಲು ಉದುರಿದರೆ ಅದನ್ನು ಹಿಡಿಯುವ ಕೈ ಆ ಫ್ಯಾಕ್ಟರಿಯಲ್ಲಿ ಯಾವುದೂ ಇಲ್ಲ. ಆ ಚೂರುಗಳನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದೆ. ರೋಲರುಗಳನ್ನು ಲಾರಿಗೆ ಹತ್ತಿಸಿದೆ.

ತೋರಿಸುವ ದಿನ ಎಲ್ಲರೂ ಬಂದರು. ಯಂತ್ರ ತಿರುಗಿತು, ಎಲೆ ನುಣ್ಣಗೆ ಕಡಿದು ಬಿತ್ತು. ಕೊನೆಗೆ ಮುದಲಾಳಿ ಡ್ರೈಯರಿನ ಬಾಯಿಯ ಮ್ಯಾಗ್ನೆಟ್ ಪಟ್ಟಿ ತೆಗೆಸಿ, ತಾವೇ ಬಿಳಿ ಬಟ್ಟೆಯಲ್ಲಿ ಒರೆಸಿ ಎತ್ತಿ ಹಿಡಿದರು. "ಪಾರುಂಗ, ಸುದ್ಧಮಾ ಇರುಕ್ಕು!" ಅಂದರು — ನೋಡಿ, ಶುದ್ಧವಾಗಿದೆ ಅಂತ. ಬಟ್ಟೆ ಮಲ್ಲಿಗೆಯಷ್ಟು ಬೆಳ್ಳಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಆ ಬಟ್ಟೆ ಏನನ್ನೂ ಹೇಳುವುದಿಲ್ಲ ಅಂತ ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಭೋಜಣ್ಣ ಆ ಫ್ಯಾಕ್ಟರಿಯ ಟೀ ಮೇಕರ್. ಎಲೆ ಒಳಗೆ ಬಂದಲ್ಲಿಂದ ಪುಡಿಯಾಗಿ ಮೂಟೆ ಸೇರುವವರೆಗೆ ಎಲ್ಲ ಅವರ ಜವಾಬ್ದಾರಿ. ನೀಲಗಿರಿಯ ಬಡಗರವರು, ಕೂಕಲ್ತೊರೈ ದಾರಿಯ ಒಂದು ಹಟ್ಟಿಯವರು. ಅವರು ಬಡಗದಲ್ಲಿ ಮಾತಾಡಿದರೆ ನಾನು ನಮ್ಮ ಗುಂಡ್ಲುಪೇಟೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಎರಡೂ ಅಕ್ಕಪಕ್ಕದ ಮನೆಯ ಮಾತು, ಅಲ್ಲಲ್ಲಿ ಒಂದೊಂದು ಪದಕ್ಕೆ ಎಡವಿ ಇಬ್ಬರೂ ನಗುತ್ತಿದ್ದೆವು. ನನ್ನನ್ನು ತಂಗಿ ಅನ್ನುತ್ತಿದ್ದರು. ಮೊದಲ ರೋಲರ್ ತಂದ ದಿನ, ಫ್ಯಾಕ್ಟರಿಯಲ್ಲಿ ಬೇರೆ ಯಾರೂ ನಂಬದಿದ್ದಾಗ, ಹೆಣ್ಣುಮಗು ಇಷ್ಟು ದೂರ ತಂದಿದೆ, ಒಂದು ಸಲ ತಿರುಗಿಸಿಯೇ ನೋಡೋಣ ಅಂದವರು ಅವರೇ.

ಸ್ವಲ್ಪ ದಿನಕ್ಕೆ ದೂರು ಬಂತು. ಹರಾಜಿನಲ್ಲಿ ಕೊಂಡವರ ಕಡೆಯ ರುಚಿ ನೋಡುವವರು ಬಟ್ಟಲಿನ ತಳದಲ್ಲಿ ಕರಕರ ಸಿಕ್ಕಿತೆಂದು ಪುಡಿಯನ್ನು ವಾಪಸು ಕಳಿಸಿದ್ದರು. ಮುದಲಾಳಿ ಮ್ಯಾಗ್ನೆಟ್ ನೋಡಿದರು, ಬೆಳ್ಳಗಿತ್ತು. ಅಂದಮೇಲೆ ಕಬ್ಬಿಣವಲ್ಲ. ಕಬ್ಬಿಣವಲ್ಲದಿದ್ದರೆ ಮಣ್ಣು. ಮಳೆಯಲ್ಲಿ ಮಣ್ಣು ಮೆತ್ತಿದ ಎಲೆ ಯಾರೋ ತಂದಿರಬೇಕು. ಯಾರು ತಂದದ್ದು? ಆ ವಾರ ಹೆಚ್ಚು ಎಲೆ ಬಂದದ್ದು ಭೋಜಣ್ಣನ ಹಟ್ಟಿಯಿಂದ. ಲೆಕ್ಕ ತಾನಾಗಿ ಕೂಡಿಕೊಂಡಿತು. ತಮ್ಮವರ ಎಲೆ ಅಂತ ಭೋಜಣ್ಣ ನೋಡದೆ ಒಳಗೆ ಬಿಟ್ಟುಕೊಂಡ ಅಂದರು.

ಆಗ ಭೋಜಣ್ಣ ನನ್ನ ಬಳಿ ಬಂದರು. ರೋಲರಿನ ಪಕ್ಕದಲ್ಲಿ ನಿಂತಿದ್ದೆವು. ದೂರುವ ದನಿಯಲ್ಲ, ಕೇಳಿದ್ದಷ್ಟೇ.

"ತಂಗಿ, ನಿನ್ನ ಹಲ್ಲಿಂದ ಏನಾದರೂ ಉದುರುತ್ತಾ?"

ಇಲ್ಲ ಅನ್ನಲು ನಾಲಿಗೆ ಬರಲಿಲ್ಲ. ಹೌದು ಅನ್ನಲು ಎದೆ ಬರಲಿಲ್ಲ. ನಾನು ಅಂದದ್ದು ಇದು —

"ಮ್ಯಾಗ್ನೆಟ್ ನೋಡಿ ಅಣ್ಣ, ಕ್ಲೀನಾಗಿದೆಯಲ್ಲ."

ಒಂದಕ್ಷರವೂ ಸುಳ್ಳಲ್ಲ. ಇದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವನದಲ್ಲಿ ಹೇಳಿಲ್ಲ. ಅವರು ತಲೆಯಾಡಿಸಿದರು. "ಅದೂ ಸರಿಯೇ" ಅಂದರು. ನನ್ನನ್ನು ನಂಬಿ, ತಮ್ಮ ಮೇಲೆಯೇ ಅನುಮಾನ ಪಟ್ಟುಕೊಂಡು ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನದು ಆಡಬೇಕಾದದ್ದನ್ನು ನುಂಗಿ ಬೇರೆಯದನ್ನು ಆಡಿದ ಮಾತು.

ಆಮೇಲೆ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಮನಸ್ಸು ತಡೆಯದೆ — ಮನಸ್ಸಾಕ್ಷಿ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅದು ಹೆದರಿಕೆ — ಸರ್ವೀಸಿನ ನೆಪ ಹೇಳಿ ಆ ರೋಲರುಗಳನ್ನು ಬಿಚ್ಚಿಸಿಕೊಂಡು ಬಂದೆ. ಬೇರೆ ರೋಲರುಗಳನ್ನು ಸರಿಯಾಗಿ ಕಾಯಿಸಿ, ಹಲ್ಲು ಕಟ್ಟಿ, ಬಿರುಕಿಲ್ಲವೆಂದು ನೋಡಿ ಹಾಕಿಸಿದೆ. ಪುಡಿಯಲ್ಲಿ ಕರಕರ ನಿಂತಿತು. ಅಬ್ಬಾ ಅಂದುಕೊಂಡೆ. ಆದರೆ ಅದೇ ವಾರ ಮುದಲಾಳಿ ಭೋಜಣ್ಣನ ಹಟ್ಟಿಯ ಎಲೆಯನ್ನು ತೂಕದ ಕಟ್ಟೆಯಿಂದಲೇ ಹಿಂದಕ್ಕೆ ಕಳಿಸತೊಡಗಿದ್ದರು. ಅವರ ಎಲೆ ನಿಂತಿತು, ಕರಕರವೂ ನಿಂತಿತು. ಇನ್ನೇನು ಸಾಕ್ಷಿ ಬೇಕು? ಕದ್ದುಮುಚ್ಚಿ ನನ್ನ ತಪ್ಪನ್ನು ನಾನು ಸರಿಮಾಡಿಕೊಂಡದ್ದೇ ಅವರ ಮೇಲಿನ ಆರೋಪಕ್ಕೆ ಮುದ್ರೆ ಒತ್ತಿತು. ಭೋಜಣ್ಣನನ್ನು ಕೆಲಸದಿಂದ ತೆಗೆದರು. ಅಂದು ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾನು ಆ ಕಡೆಯ ದಾರಿಯನ್ನೇ ಬಿಟ್ಟೆ.

ವರ್ಷಗಳು ಹೋದವು. ಕೆಲಸ ಬೆಳೆಯಿತು. ಯಾರಾದರೂ ಚಹಾ ಕುಡಿದು ಲೋಟ ಕೆಳಗಿಟ್ಟರೆ ಅದರ ತಳಕ್ಕೆ ನನ್ನ ಕಣ್ಣು ಹೋಗುತ್ತಿತ್ತು. ಮಾರ್ಕೆಟ್ಟಿನಲ್ಲಿ ಯಾರಾದರೂ 'ಮಣ್ಣೆಲೆ' ಅಂದರೆ ಕುಂಬಳಕಾಯಿ ಕಳ್ಳ ಅಂದವರ ಮುಂದೆ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗೆ ಬೆಚ್ಚುತ್ತಿದ್ದೆ. ಆ ಡಬ್ಬಿಯನ್ನು ಎಸೆಯಲು ಎಷ್ಟೋ ಸಲ ಕೈಗೆತ್ತಿಕೊಂಡೆ, ಎಸೆಯಲಾಗಲಿಲ್ಲ.

ಒಂದು ಕೆಲಸ ಮಾತ್ರ ಮಾಡುತ್ತಿದ್ದೆ. ನಿಕ್ಕಲನ್ನು ಬಿಟ್ಟೆ. ಉಕ್ಕಿನ ಪುಡಿಗೇ ಸೆರಾಮಿಕ್ ಕಾಳು — ಈ ಸಲ ಟೈಟಾನಿಯಂ ಕಾರ್ಬೈಡು — ಬೆರೆಸಿ ಹಲ್ಲು ಕಟ್ಟಲು ಹೊರಟೆ. ಉದುರಿದರೂ ಮ್ಯಾಗ್ನೆಟ್ಟಿಗೆ ಅಂಟಬೇಕು, ಅದೊಂದೇ ಹಟ. ಮೊದಮೊದಲು ಕಾಳು ಒಂದು ಕಡೆ ಗುಂಪಾಗಿ ಕೂರುತ್ತಿತ್ತು, ಹಲ್ಲು ತೂತು ತೂತಾಗುತ್ತಿತ್ತು, ಬಿರುಕು ಬಿಡುತ್ತಿತ್ತು. ಕಿರಣದ ಬಿಸಿ ಕಡಿಮೆ ಮಾಡಿ, ಹೆಚ್ಚು ಮಾಡಿ, ಪುಡಿ ಊದುವ ವೇಗ ಬದಲಿಸಿ ನೋಡುತ್ತಲೇ ಇದ್ದೆ. ಕೊನೆಗೆ ದಾರಿ ಸಿಕ್ಕಿದ್ದು ಪದರಗಳಲ್ಲೇ. ಬುಡದ ಪದರಗಳಲ್ಲಿ ಬರೀ ಉಕ್ಕು, ಮೇಲಕ್ಕೆ ಹೋದಂತೆ ಕಾಳು ಸ್ವಲ್ಪ ಸ್ವಲ್ಪವೇ ಹೆಚ್ಚು, ತುದಿಯಲ್ಲಿ ಮಾತ್ರ ಗಟ್ಟಿ. ಹೀಗೆ ಕಟ್ಟಿದ ಹಲ್ಲು ಬುಡದಲ್ಲಿ ಬಿರಿಯುವುದಿಲ್ಲ. ಈ ಕೆಲಸಕ್ಕೆ ಜನ ಹೊಗಳಿದರು. ಯಾಕೆ ಹಿಡಿದೆ ಅಂತ ಕೇಳಿದವರಿಗೆ ಏನೇನೋ ಹೇಳಿದೆ. ನಿಜ ಹೇಳಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ನನ್ನ ಗೋದಾಮಿನ ಬಾಗಿಲಲ್ಲಿ ಭೋಜಣ್ಣ ನಿಂತಿದ್ದರು. ತಲೆ ಪೂರಾ ನರೆತಿತ್ತು, ನಗು ಅದೇ. ಹಟ್ಟಿಯವರೆಲ್ಲ ಸೇರಿ ಒಂದು ಹಳೆಯ ಕೊಟ್ಟಿಗೆಯಲ್ಲಿ ತಮ್ಮದೇ ಸಣ್ಣ ಫ್ಯಾಕ್ಟರಿ ಹಾಕುತ್ತಿದ್ದೇವೆ ಅಂದರು. ಯಾರೋ ಬಿಟ್ಟ ಯಂತ್ರ ಸಿಕ್ಕಿದೆಯಂತೆ. ರೋಲರಿಗೆ ಹಲ್ಲು ಬೇಕಂತೆ.

"ನನ್ನ ಹತ್ರವೇ ಯಾಕೆ ಬಂದ್ರಿ ಅಣ್ಣ?" ಅಂದೆ.

"ಬೇರೆ ಯಾರು ಇದ್ದಾರೆ ತಂಗಿ? ನೀ ಹಾಕಿದ ಹಲ್ಲಲ್ಲಿ ಎಲೆ ಒಳ್ಳೆ ಕಡಿತಿತ್ತು" ಅಂದರು. ಆಮೇಲೆ, ಯಾವ ಕೊಂಕೂ ಇಲ್ಲದೆ, "ಮ್ಯಾಗ್ನೆಟ್ಟೂ ಕ್ಲೀನಾಗಿತ್ತಲ್ಲ."

ನನ್ನ ಮಾತನ್ನು ಅಷ್ಟು ವರ್ಷ ಜೋಪಾನ ಮಾಡಿಟ್ಟುಕೊಂಡು ಬಂದು ನನಗೇ ಕೊಟ್ಟರು. ಒಳಗೆ ಹೋಗಿ ಡಬ್ಬಿ ತಂದು, ಚೂರುಗಳನ್ನು ಮೇಜಿನ ಮೇಲೆ ಸುರಿದು, ಮ್ಯಾಗ್ನೆಟ್ಟನ್ನು ಅವರ ಕೈಗೆ ಕೊಟ್ಟೆ. ಅವರು ಹಿಡಿದರು. ಚೂರು ಅಲುಗಲಿಲ್ಲ. ಆಮೇಲೆ ಎಲ್ಲ ಹೇಳಿದೆ. ಅವತ್ತು ಗೊತ್ತಿತ್ತು ಅಂತ ಹೇಳಿದೆ. ರೋಲರ್ ಬದಲಿಸಿದ್ದು ಯಾಕೆ ಅಂತ ಹೇಳಿದೆ. ಅಳಬಾರದು, ಅತ್ತರೆ ಅವರೇ ಸಮಾಧಾನ ಮಾಡಬೇಕಾಗುತ್ತದೆ ಅಂತ ಹಲ್ಲು ಕಚ್ಚಿ ನಿಂತೆ.

ಭೋಜಣ್ಣ ಆ ಚೂರುಗಳತ್ತ ಬಗ್ಗಿದರು. ಒಂದನ್ನು ಬೆರಳ ತುದಿಯಲ್ಲಿ ಎತ್ತಿ ಹೊರಳಿಸಿದರು.

"ಎನ್ನ ಕೆಲಸ ಹೋತು, ಅದು ಹೋಗಲಿ" ಅಂದರು. "ಎನ್ನ ಮನೆಯವಳೂ ಎನ್ನನ್ನ ನಂಬಲಿಲ್ಲೆ ತಂಗಿ. ಮಣ್ಣೆಲೆ ಬಿಟ್ಟೆಯಾ ಅಂತ ಅವಳೂ ಕೇಳಿದಳು. ನಾ ಇಲ್ಲೆ ಅಂದೆ. ಆಮೇಲೆ ನಂಗೇ ಸಂಶಯ ಬಂತು — ಬಿಟ್ಟೆನೋ ಏನೋ ಅಂತ."

ಒಬ್ಬ ಮನುಷ್ಯನಿಗೆ ತನ್ನ ಕಣ್ಣಿನ ಮೇಲೆಯೇ ನಂಬಿಕೆ ಹೋಗುವಂತೆ ಮಾಡಿದ್ದೆ.

ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತರು. "ಎನ್ನ ಹತ್ರ ಮಾತ್ರ ಹೇಳಿದರೆ ಆಗದು. ಎಲೆ ಕಿತ್ತವರು ಹಟ್ಟಿ ಹೆಂಗಸರು. ಕೂಟಿಗೆ ಬಾ. ಅವರ ಮುಂದೆ ಹೇಳು. ಆಮೇಲೆ ಹಲ್ಲಿನ ಮಾತು."

ಕೂಟು ಅಂದರೆ ಹಟ್ಟಿಯ ಹಿರಿಯರು ಸೇರಿ ನ್ಯಾಯ ಮಾತಾಡುವ ಸಭೆ. ಸಾಮಾನ್ಯವಾಗಿ ಕೂರುವವರು ಗಂಡಸರೇ. ಆ ದಿನ ಮಾತ್ರ ಭೋಜಣ್ಣನ ಹೆಂಡತಿ ಮಾದಿಯಕ್ಕ ಹೆಂಗಸರನ್ನೆಲ್ಲ ಕರೆದುಕೊಂಡು ಬಂದು ಮುಂದೆಯೇ ಕೂತರು. ಕೈ ನಮ್ಮದು, ನಾವೂ ಕೇಳುತ್ತೇವೆ ಅಂದರಂತೆ. ತಲೆಗೆ ಬಿಳಿ ವಸ್ತ್ರ ಕಟ್ಟಿದ ಹೆಂಗಸರ ಸಾಲಿನ ಮುಂದೆ ನಾನು ನಿಂತೆ. ಮಾತು ಗುಂಡ್ಲುಪೇಟೆಯದೋ ಬಡಗದ್ದೋ ನನಗೇ ತಿಳಿಯಲಿಲ್ಲ, ಆದರೆ ಏನನ್ನೂ ಬಿಡದೆ ಹೇಳಿದೆ.

ಹಿರಿಯರು ಬಾಯಿ ತೆರೆಯುವ ಮೊದಲೇ ಮಾದಿಯಕ್ಕ ಎದ್ದರು.

"ನಾವು ಎಲೆ ತೊಳೆದೆವು" ಅಂದರು. "ಗೊತ್ತಾ ನಿನಗೆ? ಮಣ್ಣೆಲೆ ಅಂದರಲ್ಲ, ಬೇರೆ ಫ್ಯಾಕ್ಟರಿಗೆ ಕೊಡೋಕೆ ಮುಂಚೆ ಪ್ರತಿ ಮೂಟೆ ಹಳ್ಳದಲ್ಲಿ ಅದ್ದಿ ಅದ್ದಿ ತೊಳೆದೆವು. ಹಿಮ ಬಿದ್ದ ನೀರು. ಕೈ ಒಡೆದು ರಕ್ತ ಬರೋದು. ಒದ್ದೆ ಎಲೆ ಅಂತ ಅವರೂ ಬೈದರು." ತಮ್ಮ ಅಂಗೈ ಎರಡನ್ನೂ ನನ್ನ ಮುಂದೆ ಹಿಡಿದರು. "ಎಲೆಯಲ್ಲಿ ಮಣ್ಣೇ ಇರಲಿಲ್ಲೆ. ಏನು ತೊಳೆದೆವು ನಾವು? ಹೇಳು."

"ನನ್ನ ತಪ್ಪನ್ನ ತೊಳೆದ್ರಿ ಅಕ್ಕ" ಅಂದೆ.

ಹಿರಿಯರೊಬ್ಬರು ಕೇಳಿದರು, ಈಗ ಹಾಕುವ ಹಲ್ಲು ಉದುರುವುದಿಲ್ಲ ಅಂತ ಏನು ಗ್ಯಾರಂಟಿ? ಉದುರುವುದೇ ಇಲ್ಲ ಅಂತ ಹೇಳಲಾರೆ ಅಂದೆ. ಉಜ್ಜುವ ವಸ್ತು ಯಾವುದೂ ಸವೆಯದೆ ಇರದು. ಹಳೆಯ ಚೂರು, ಹೊಸ ಹಲ್ಲಿನ ಚೂರು ಎರಡನ್ನೂ ತಟ್ಟೆಯಲ್ಲಿ ಬೆರೆಸಿ ಮ್ಯಾಗ್ನೆಟ್ ಹಿಡಿದೆ. ಹೊಸದು ಪಟಪಟನೆ ಹಾರಿ ಅಂಟಿಕೊಂಡಿತು, ಹಳೆಯದು ತಟ್ಟೆಯಲ್ಲೇ ಉಳಿಯಿತು. ತಟ್ಟೆ ಕೈಯಿಂದ ಕೈಗೆ ಹೋಯಿತು. ಕಡೆಗೆ ಇನ್ನೊಂದು ಮಾತನ್ನೂ ಸೇರಿಸಿದೆ. ಉಕ್ಕಿನಿಂದ ಬಿಡಿಸಿಕೊಂಡು ಸೆರಾಮಿಕ್ ಕಾಳೊಂದೇ ಉದುರಿದರೆ ಅದು ಮ್ಯಾಗ್ನೆಟ್ಟಿಗೆ ಸಿಗುವುದಿಲ್ಲ. ಆದ್ದರಿಂದ ಬಟ್ಟೆಯೊಂದನ್ನೇ ನಂಬಬೇಡಿ, ಪ್ರತಿ ಸಲ ಪುಡಿಯನ್ನು ಬಿಳಿ ಬೋಗುಣಿಯಲ್ಲಿ ನೆನೆಹಾಕಿ ತಳ ನೋಡಿ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿಯೇ ಹೇಳಿದೆ.

ಕೂಟು ನನಗೆ ವಿಧಿಸಿದ್ದು ಎರಡೇ. ಮುದಲಾಳಿಯ ಮುಂದೆಯೂ, ಹರಾಜಿನಲ್ಲಿ ಕೊಳ್ಳುವವರ ಮುಂದೆಯೂ ನನ್ನ ಬಾಯಿಂದಲೇ ಇದನ್ನು ಹೇಳಬೇಕು. ಹಲ್ಲು ನಾನೇ ಕಟ್ಟಬೇಕು. ಎರಡನೆಯದನ್ನು ಕೇಳಿ ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಹರಾಜಿನಲ್ಲಿ ಕೊಳ್ಳುವವರಿಗೆ ಹೇಳಿದೆ. ಮುದಲಾಳಿಗೂ ಹೇಳಿದೆ. ಅವರು ಕೂಗಾಡಲಿಲ್ಲ. ಆಮೇಲೆ ನನ್ನ ಫೋನ್ ಎತ್ತಲೂ ಇಲ್ಲ. ಅವರನ್ನು ನೋಡಿ ಇನ್ನೂ ಕೆಲವರು ರೋಲರ್ ಕಳಿಸುವುದನ್ನು ಬಿಟ್ಟರು. ಬಿಡಲಿ. ಒಂದು ದಿನ ಮುದಲಾಳಿ ಭೋಜಣ್ಣನ ಮನೆಗೆ ಹೋಗಿ ಕೂತು ಎದ್ದು ಬಂದರಂತೆ. ಏನು ಮಾತಾಯಿತೋ ನಾನು ಕೇಳಿಲ್ಲ, ಅದು ಅವರಿಬ್ಬರ ವಿಷಯ.

ಹಟ್ಟಿಯ ರೋಲರಿಗೆ ಹಲ್ಲು ಕಟ್ಟುವಾಗ ನಾನು ಆತುರ ಮಾಡಲಿಲ್ಲ. ಭೋಜಣ್ಣ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಬೂದಿಯಲ್ಲಿ ಹೂತ ರೋಲರ್ ಆರುವವರೆಗೆ ಇಬ್ಬರೂ ಕಾದೆವು. ಕೆಂಪು ಬಣ್ಣ ಸವರಿ ಒರೆಸುವ ಕೆಲಸ ಅವರದೇ. ಒಂದು ಕಡೆ ಗೆರೆ ಕಂಡಿತು. ತೋರಿಸಿದರು. ಅಷ್ಟೂ ಹಲ್ಲು ಕೆರೆದು ತೆಗೆದು ಮತ್ತೆ ಕಟ್ಟಿದೆ. ಸಂಜೆ ಹೊರಡುವಾಗ ಅವರು "ಬರ್ತೇನೆ ತಂಗಿ" ಅಂದರು. ಕೂಟಿನ ನಂತರ ಆ ಪದ ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಕೊಟ್ಟಿಗೆಯಲ್ಲಿ ಮೊದಲ ಎಲೆ ಹಾಕಿದ ದಿನ ಹಟ್ಟಿಯೆಲ್ಲ ಸೇರಿತ್ತು. ರೋಲರ್ ತಿರುಗಿ, ಹಸಿರು ಪುಡಿ ಬಿದ್ದು, ಕಂದಿ, ಒಣಗಿ ಹೊರಬಂತು. ಭೋಜಣ್ಣ ಮ್ಯಾಗ್ನೆಟ್ ಪಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಬಟ್ಟೆಯ ಮೇಲೆ ತೆಳ್ಳನೆಯ ಕಪ್ಪು ಗೆರೆ. ಹೊಸ ಹಲ್ಲು ಪಳಗುವಾಗ ಸವೆದ ಪುಡಿ, ಅಷ್ಟೂ ಅಂಟಿತ್ತು. "ಹಿಡಿತು ನೋಡು" ಅಂದರು. ಕೊಳೆಯಾದ ಬಟ್ಟೆ ನೋಡಿ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಬೋಗುಣಿಯ ತಳವನ್ನೂ ನೋಡಿದೆವು. ಚೊಕ್ಕವಾಗಿತ್ತು.

ಮಾದಿಯಕ್ಕ ಹಾಲು ಹಾಕದ ಚಹಾವನ್ನು ಗಾಜಿನ ಲೋಟದಲ್ಲಿ ತಂದು ನನ್ನ ಮುಂದೆ ಹಿಡಿದರು. "ಪೂರ್ತಿ ಕುಡಿ. ಕುಡಿದು ತಳ ತೋರಿಸು." ನಗುವಿರಲಿಲ್ಲ. ಬಿಸಿಬಿಸಿಯಾಗಿಯೇ ಕಡೆಯ ಹನಿಯವರೆಗೆ ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ತೋರಿಸಿದೆ. ಅವರು ಬಗ್ಗಿ ನೋಡಿದರು, ಇನ್ನೊಮ್ಮೆ ನೋಡಿದರು, ಲೋಟ ತೆಗೆದುಕೊಂಡು ಹೋದರು.

ಈಗ ವಾರಕ್ಕೊಮ್ಮೆ ಹಟ್ಟಿಗೆ ಹೋಗುತ್ತೇನೆ. ಬಟ್ಟೆ ನೋಡುತ್ತೇನೆ, ಬೋಗುಣಿ ನೋಡುತ್ತೇನೆ. ಆ ಹಟ್ಟಿಯ ಪುಡಿಯನ್ನು ಕೇಳಿಕೊಂಡು ಬರುವವರು ಈಗ ಇದ್ದಾರೆ. 'ಮಣ್ಣೆಲೆ' ಅನ್ನುವ ಮಾತು ಈಚೆಗೆ ಯಾರ ಬಾಯಲ್ಲೂ ಕೇಳಿಲ್ಲ. ಹಿಮದ ನೀರಿನಲ್ಲಿ ಒಡೆದ ಕೈಗಳನ್ನು ಮಾತ್ರ ನಾನು ಯಾವ ಲೇಸರಿನಿಂದಲೂ ಕಟ್ಟಿಕೊಡಲಾರೆ.

ಹೋದಾಗಲೆಲ್ಲ ಮಾದಿಯಕ್ಕ ಚಹಾ ಕೊಡುತ್ತಾರೆ, ನಾನು ಕುಡಿದು ತಳ ತೋರಿಸುತ್ತೇನೆ, ಅವರು ಬಗ್ಗಿ ನೋಡುತ್ತಾರೆ. ಹೋದ ವಾರ ಅವರು ನೋಡಲಿಲ್ಲ. ಸೊಸೆಯ ಜೊತೆ ಏನೋ ಮಾತಾಡುತ್ತಾ, ಖಾಲಿ ಲೋಟ ಇಸಿದುಕೊಳ್ಳಲು ಸುಮ್ಮನೆ ಕೈ ಚಾಚಿದರು. ನಾನು ಕೊಡಲಿಲ್ಲ. "ಅಕ್ಕ, ತಳ ನೋಡಿ" ಅಂದೆ. ಅವರು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಬಗ್ಗಿ ನೋಡಿದರು.